ಅರಗು ಒತ್ತಿದ ಕಂಪ್ಯೂಟರ್

೨೦೦೮ರ ಜೂನ್ ಒಂದರಿಂದ ರಾಜ್ಯ ಹುರಿಹಗ್ಗ ನಿಗಮದ ತುಮಕೂರು ಕಚೇರಿಯಲ್ಲಿ ಟೆಂಡರುಗಳನ್ನು ಕಂಪ್ಯೂಟರ್ ಮೂಲಕವೇ ಸ್ವೀಕರಿಸತಕ್ಕದ್ದೆಂದು ಆದೇಶವಾಯಿತು. ತತ್ಪರಿಣಾಮವಾಗಿ ಟೆಂಡರ್ ಪೆಟ್ಟಿಗೆಯನ್ನೂ, ಅದನ್ನು ಕಾಯುವ ಹುದ್ದೆಯನ್ನೂ ಮೇ ತಿಂಗಳ ಕೊನೆಗೆ ರದ್ದುಪಡಿಸಲಾಯಿತು. ಆ ಹುದ್ದೆಯಲ್ಲಿ ಅಮೃತೂರಿನ ಚಿಕ್ಕಮಾರಯ್ಯ ಎಂಬ ಮನುಷ್ಯರಿದ್ದಾರೆಂದು ಆದೇಶದಲ್ಲಿ ಇರಲಿಲ್ಲ.

ಇಪ್ಪತ್ತೆಂಟು ವರ್ಷ ಪೆಟ್ಟಿಗೆ ಪಕ್ಕ ಕೂತು, ಅರಗು ಕಾಯಿಸಿ ಬೀಗಕ್ಕೆ ಸೀಲು ಒತ್ತಿದ ಆಸಾಮಿ. ಪಿಂಚಣಿಗೆ ಇನ್ನೆರಡೇ ವರ್ಷ. "ಪೆಟ್ಗೆ ಹೋದ್ರೆ ನಾನೂ ಹೋದಂಗೇ ಅಲ್ವಾ ಸ್ವಾಮಿ?" ಅಂದರು. ಹೆಡ್ ಕ್ಲರ್ಕ್ ಆದ ನನಗೆ ಅಯ್ಯೋ ಪಾಪ ಅನಿಸಿತು. ಆದರೂ ನಿಯಮದಂತೆ, "ಅರ್ಜಿ ಕೊಡಿ" ಅಂದೆ.

ಅರ್ಜಿಯ ಮೇರೆಗೆ ಅವರಿಗೆ ಏಳು ದಿನ ಕಂಪ್ಯೂಟರ್ ತರಬೇತಿ ಕೊಡಿಸಲಾಯಿತು. ಕಲಿಸಿದವಳು ಹೊಸ ಆಪರೇಟರ್ ಅಕ್ಷತಾ. ಚಿಕ್ಕಮಾರಯ್ಯ ಪರದೆಗೆ ಕೈ ಮುಗಿದವರು ಏಳೂ ದಿನ ಮುಟ್ಟಲೇ ಇಲ್ಲ. "ಅನುತ್ತೀರ್ಣ" ಎಂದು ಆಕೆ ವರದಿ ಬರೆದಳು.

ಮೊದಲ ಟೆಂಡರ್ ಗುಬ್ಬಿ ಗೋದಾಮಿನದು. ತೆರೆಯುವ ದಿನ ಅಕ್ಷತಾ ಇನ್ನೇನು ಗುಂಡಿ ಒತ್ತಬೇಕು, ಕುಣಿಗಲ್‌ನ ಗುತ್ತಿಗೆದಾರ ಅಂಜನಮೂರ್ತಿ ಎದ್ದು ನಿಂತ.

"ತಡಿಯವ್ವ, ಸೀಲ್ ಎಲ್ಲಿ?"

"ಇದ್ರಲ್ಲಿ ಸೀಲ್ ಇರಲ್ಲ ಸಾರ್, ಪಾಸ್‌ವರ್ಡ್ ಇರುತ್ತೆ."

"ಅದ್ನೇ ತೋರ್ಸು, ನೋಡಾನ."

"ತೋರಿಸಬಾರದು ಸಾರ್."

"ಅಯ್ಯೋ ಶಿವನೇ! ಸೀಲು ಇಲ್ಲ, ಇರೋದನ್ನ ತೋರ್ಸಂಗಿಲ್ಲ. ಸೀಲ್ ಕಣ್ಣಾರೆ ಕಂಡೆ ಅಂತ ನಾನ್ ಹೆಂಗ್ ರುಜು ಹಾಕ್ಲಿ?"

ಮ್ಯಾನೇಜರ್ ನಾಗಭೂಷಣ್ ನಿಯಮಾವಳಿ ತಿರುವಿದರು. ಆದೇಶ ಪೆಟ್ಟಿಗೆಯನ್ನು ರದ್ದು ಮಾಡಿತ್ತೇ ಹೊರತು, ಸೀಲು ತೋರಿಸಬೇಕೆಂಬ ಹದಿನಾಲ್ಕನೇ ನಿಯಮವನ್ನಲ್ಲ. ಟೆಂಡರ್ ಅಲ್ಲೇ ರದ್ದಾಯಿತು. ಮರುದಿನ ಮ್ಯಾನೇಜರ್ ಸಾಹೇಬರು ಗಂಭೀರವಾಗಿ ಹೇಳಿದರು: "ಕಂಪ್ಯೂಟರನ್ನೇ ಪೆಟ್ಟಿಗೇಲಿಟ್ಟು ಬೀಗ ಹಾಕಿ."

ಹಳೇ ಪೆಟ್ಟಿಗೆಗೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಚಿಕ್ಕಮಾರಯ್ಯನವರನ್ನು ಕರೆಸಿ ಸೀಲು ಒತ್ತಿಸಿ, 'ಇ-ಪೆಟ್ಟಿಗೆ ಪಾಲಕ' ಎಂಬ ಹೊಸ ಹುದ್ದೆ ಕೊಡಲಾಯಿತು. ಮುದುಕರ ಕಣ್ಣಲ್ಲಿ ನೀರು. ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆಯೂ ಬಿತ್ತು:

"ಟೆಂಡರುದಾರರು ದರವನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಪೆಟ್ಟಿಗೆಯ ಕಿಂಡಿಯಲ್ಲಿ ಹಾಕತಕ್ಕದ್ದು. ಕಂಪ್ಯೂಟರಿನ ಮೇಲೆ ಬಿದ್ದ ಲಕೋಟೆಗಳನ್ನು ಕಂಪ್ಯೂಟರ್ ಮೂಲಕ ಬಂದವೆಂದು ಪರಿಗಣಿಸಲಾಗುವುದು. ಪಕ್ಕಕ್ಕೆ ಜಾರಿದವು ತಿರಸ್ಕೃತ."

ವರ್ಷದ ಕಾರ್ಯಕ್ಷಮತೆ ಪರಿಶೀಲನೆಯಲ್ಲಿ ನಮ್ಮ ಕಚೇರಿ ರಾಜ್ಯಕ್ಕೇ ಮೊದಲು. ಕಂಪ್ಯೂಟರ್ ಒಮ್ಮೆಯೂ ಕೆಟ್ಟಿರಲಿಲ್ಲ, ಕರೆಂಟು ಹೋದರೂ ಟೆಂಡರ್ ನಿಂತಿರಲಿಲ್ಲ, ದೂರು ಒಂದೂ ಇರಲಿಲ್ಲ. ಗುಬ್ಬಿ, ಕುಣಿಗಲ್ ಶಾಖೆಗಳು ತಮಗೂ ಪೆಟ್ಟಿಗೆ ಬೇಕೆಂದು ಪತ್ರ ಬರೆದವು.

ಆದರೆ ಅಕ್ಷತಾಗೆ ಈಗ ಕೆಲಸವಿಲ್ಲ. ಹೆಚ್ಚುವರಿ ಸಿಬ್ಬಂದಿ ಎಂದು ಆಕೆಯನ್ನು ಬಿಡುಗಡೆ ಮಾಡುವ ಫೈಲು ನನ್ನ ಮೇಜಿಗೇ ಬಂತು. ಅದನ್ನು ಕೇಳಿ ಚಿಕ್ಕಮಾರಯ್ಯ ಓಡಿ ಬಂದರು.

"ಆ ಮಗೀನ ಕಳಿಸ್ಬ್ಯಾಡಿ ಸ್ವಾಮಿ. ನನ್ ಹಿಂದೆ ಪೆಟ್ಗೆ ನೋಡ್ಕಳಕ್ಕೆ ಯಾರಾರ ಬ್ಯಾಡ್ವಾ?"

ಹೀಗಾಗಿ ಆಕೆಗೆ ಏಳು ದಿನ ಅರಗು ಕಾಯಿಸುವ ತರಬೇತಿ ಮಂಜೂರಾಯಿತು. "ಅರಗಿನ ಬತ್ತಿ ಓರೆ ಹಿಡಿಯವ್ವ, ಕೈ ಸುಟ್ಕಂಡೀಯ!" ಎಂಬ ಮಾತು ವಾರವಿಡೀ ಕೇಳುತ್ತಿತ್ತು. ಕೊನೆಗೆ ಚಿಕ್ಕಮಾರಯ್ಯ ಹೇಳಿದಂತೆ ನಾನೇ ವರದಿ ಬರೆದೆ, ಅವರು ರುಜು ಹಾಕಿದರು:

"ಉತ್ತೀರ್ಣ. ಹುಡುಗಿ ಚುರುಕು. ಕಂಪ್ಯೂಟರ್ ಓದಿದ್ದರೂ ಅಡ್ಡಿಯಿಲ್ಲ."