ಜಯಮ್ಮನ ತಗಡು, ನನ್ನ ಜಗಲಿ

ಬಂದ ದೊಡ್ಡಸ್ತಿಕೆಯನ್ನು ಸುಮ್ಮನೆ ಅನುಭವಿಸಬೇಕು. ಅದು ಎಲ್ಲಿಂದ ಬಂತು, ಯಾಕೆ ಬಂತು ಎಂದು ಕೆದಕುವುದಕ್ಕೆ ಓದಿದವರನ್ನು ಮನೆಯ ಹತ್ತಿರ ಬಿಟ್ಟುಕೊಳ್ಳಬಾರದು. ಈ ಬುದ್ಧಿ ನನಗೆ ಬಂದದ್ದು ಬಿಟ್ಟುಕೊಂಡ ಮೇಲೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಎಮ್ಮೆ ಹಿಂದೆ ಹೋದವಳು ನಾನು, ಅಕ್ಷರ ಕೂಡಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಆದರೂ ಕೂತು ಬರೆಯುತ್ತಿದ್ದೇನೆ. ಯಾಕೆಂದರೆ ಈ ಸಂಗತಿಯನ್ನು ಜಯಮ್ಮ ತನಗೆ ಬೇಕಾದ ಹಾಗೆ ತಿರುಚಿಕೊಂಡು ಊರೆಲ್ಲ ಹೇಳುತ್ತಿದ್ದಾಳೆ.

ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿ, ಹೊಳೆ ನೀರಿನಿಂದ ಕರೆಂಟು ತೆಗೆಯುವ ಬ್ಲಫಿಗೆ ಹತ್ತಿರ, ಗುಡ್ಡದ ಕೆಳಗಿನ ತಗ್ಗಿನಲ್ಲಿದೆ. ಬ್ಲಫಿನಲ್ಲಿ ಹುಟ್ಟಿದ ಕರೆಂಟು ನಮ್ಮ ತಲೆಯ ಮೇಲೆ ತಂತಿ ಹಿಡಿದು ಎಲ್ಲೆಲ್ಲಿಗೋ ಹೋಯಿತು. ಪಕ್ಕದಲ್ಲೇ ಇದ್ದ ನಮ್ಮೂರಿಗೆ ಬರಲು ಮಾತ್ರ ಅದಕ್ಕೆ ಬಹಳ ಕಾಲ ದಾರಿ ಸಿಕ್ಕಲಿಲ್ಲ. ಫೋನಿನ ಸಿಗ್ನಲ್ಲೂ ಅದೇ ಜಾತಿಯದು. ಟವರು ಗುಡ್ಡದ ಆಚೆ ಇದೆ. ಸಿಗ್ನಲ್ಲು ಊರಿನ ಮೇಲಿಂದ ಹಾರಿಕೊಂಡು ಹೋಗುತ್ತದೆ, ಕೆಳಗೆ ಇಳಿಯುವುದಿಲ್ಲ. ಇಡೀ ಊರಲ್ಲಿ ಅದು ಇಳಿಯುತ್ತಿದ್ದುದು ಒಂದೇ ಕಡೆ, ನನ್ನ ಮನೆಯ ಜಗಲಿಯ ಮೂಲೆಯಲ್ಲಿ, ಒರಳುಕಲ್ಲಿನ ಪಕ್ಕ. ಒಬ್ಬರು ಸಲೀಸಾಗಿ, ಇಬ್ಬರಾದರೆ ಒತ್ತರಿಸಿಕೊಂಡು ಕೂರುವಷ್ಟು ಜಾಗ.

ಆ ಜಾಗದಿಂದ ನನಗೆ ಸಿಕ್ಕ ಮರ್ಯಾದೆ ನನ್ನ ಗಂಡನಿಂದಲೂ ಸಿಕ್ಕಿರಲಿಲ್ಲ. ಪಂಚಾಯ್ತಿ ಮೆಂಬರು ಕೂಡ ಚಪ್ಪಲಿ ಬಿಟ್ಟು, "ಅವ್ವಾ, ಒಂಚೂರು ಕೂತ್ಕಳ್ಳಾ?" ಎಂದು ಕೇಳಿಯೇ ಕೂರಬೇಕು. ಓಟಿಪಿ ಬರಬೇಕಾದವರು, ಕಬ್ಬು ಕಡಿಯುವ ಆಳುಗಳಿಗೆ ಹೇಳಿಕಳಿಸಬೇಕಾದವರು, ಮಗಳಿಗೆ ಮದ್ದೂರಿನ ಕಡೆ ಗಂಡು ನೋಡುತ್ತಿರುವವರು, ಎಲ್ಲರೂ ನನ್ನ ಒರಳುಕಲ್ಲಿಗೇ ಬರಬೇಕು. ಸಿಗ್ನಲ್ಲು ತೆಳ್ಳಗೆ ಬರುವುದರಿಂದ ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ನಾನಾಗಿ ಯಾರ ಮಾತಿಗೂ ಕಿವಿ ಕೊಡುತ್ತಿರಲಿಲ್ಲ, ಅವರೇ ತಂದು ತುಂಬುತ್ತಿದ್ದರು. ಯಾರ ಮದುವೆ ಮುರಿಯಿತು, ಯಾರು ಸಕ್ಕರೆ ಕಾಯಿಲೆ ಇಟ್ಟುಕೊಂಡು ಕದ್ದು ಬೆಲ್ಲ ತಿನ್ನುತ್ತಾರೆ, ಎಲ್ಲ ಮೊದಲು ನನಗೆ ಗೊತ್ತಾಗಿ ಆಮೇಲೆ ಊರಿಗೆ ಗೊತ್ತಾಗುತ್ತಿತ್ತು. ನನಗೆ ಆಗದವರು ಫೋನು ಹಿಡಿದು ಬರುವುದು ಕಂಡರೆ ಸಗಣಿ ಕಲಸಿಕೊಂಡು ಜಗಲಿ ಸಾರಿಸಲು ಶುರು ಮಾಡುತ್ತಿದ್ದೆ. "ಈಗ್ಲೇ ಸಾರ್ಸಿವ್ನಿ, ಒಣಗೋಗಂಟ ನಿಂತ್ಕೊ" ಎಂದರೆ ಅವರು ಬಿಸಿಲಿನಲ್ಲಿ ನಿಂತಿರಬೇಕು. ನಿನ್ನ ಜಗಲಿಗೆ ಮಾತ್ರ ಯಾಕೆ ಬರುತ್ತದೆ ಎಂದು ಯಾರಾದರೂ ಕೇಳಿದರೆ, ನಮ್ಮ ಮಾವ ಪಾಯ ತೋಡಿಸುವಾಗ ಒಳ್ಳೆಯ ಗಳಿಗೆ ನೋಡಿದ್ದರು ಎನ್ನುತ್ತಿದ್ದೆ. ಹೇಳುತ್ತ ಹೇಳುತ್ತ ನಾನೂ ಅದನ್ನೇ ನಂಬಿದೆ.

ಇನ್ನು ಜಯಮ್ಮನ ವಿಷಯ. ಅವಳು ನನ್ನ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಭಾಗವಾದ ಮೇಲೆ ಅವಳ ಮನೆಗೂ ನನ್ನ ಅಂಗಳಕ್ಕೂ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಅವಳು ರೇಷ್ಮೆಹುಳು ಸಾಕಲು ಮಾಳಿಗೆಯ ಮೇಲೆ ಒಂದು ಕೋಣೆ ಎಬ್ಬಿಸಿ, ಅದಕ್ಕೆ ತಗಡು ಹೊದಿಸಿದಳು. ಹುಳುಗಳಿಗೆ ಮಳೆಯ ಇರಚಲು ಹೊಡೆಯಬಾರದೆಂದು ನನ್ನ ಅಂಗಳದ ಕಡೆಗೆ ಪರದೆಯ ಹಾಗೆ ಉದ್ದಕ್ಕೂ ತಗಡು ಇಳಿಬಿಟ್ಟಳು. ಮಳೆ ಬಂದರೆ ಅವಳ ಸೂರಿನ ನೀರೆಲ್ಲ ಆ ತಗಡಿನ ಗುಂಟ ನನ್ನ ಅಂಗಳಕ್ಕೆ ಸುರಿಯುತ್ತದೆ. ಬಿಸಿಲು ಬಂದರೆ ಅದರ ಹೊಳಪು ಸೀದಾ ನನ್ನ ಜಗಲಿಯ ಮೂಲೆಗೆ ಬಂದು ಕಣ್ಣಿಗೆ ಹೊಡೆಯುತ್ತದೆ. ತಗಡು ಬಂದ ವರ್ಷವೇ ಸಿಗ್ನಲ್ಲೂ ಬಂತು. ನಾನು ತಗಡಿಗೆ ಜಯಮ್ಮನನ್ನು ಬೈದೆ, ಸಿಗ್ನಲ್ಲಿಗೆ ಮಾವನವರ ಫೋಟೋಗೆ ಕೈ ಮುಗಿದೆ.

ಅಲ್ಲಿಂದ ನಮ್ಮಿಬ್ಬರಿಗೂ ಮಾತಿಲ್ಲ. ಹಾಗೆಂದು ಮಾತಾಡುವುದನ್ನೇ ಬಿಟ್ಟೆವು ಎಂದು ತಿಳಿಯಬೇಡಿ, ಅಷ್ಟು ಶಕ್ತಿ ಇಬ್ಬರಿಗೂ ಇಲ್ಲ. ಮುಖ ನೋಡಿಕೊಂಡು ಮಾತಾಡುವುದನ್ನು ಬಿಟ್ಟೆವು. ನನ್ನ ಹತ್ತಿರ ಒಂದು ಮೇಕೆ ಇದೆ. ಹಾಲಿಲ್ಲ, ಮರಿಯಿಲ್ಲ, ಹಾಯುವುದೊಂದು ಗೊತ್ತು. ಅವಳ ಹತ್ತಿರ ಒಂದು ಮುದಿ ಹುಂಜ ಇದೆ. ಮಳೆ ಬಿದ್ದ ಬೆಳಿಗ್ಗೆ ನಾನು ಗೋಡೆಯ ಪಕ್ಕ ನಿಂತು, "ನೋಡೇ ಮೇಕೆ, ಕೆಲವರು ಅವರ ಮನೆ ನೀರ್ನ ಕಂಡೋರ ಅಂಗಳಕ್ಕೆ ಬುಟ್ಟು ಒಳಗೆ ಬೆಚ್ಚಗೆ ಮಲಗವ್ರೆ" ಎನ್ನುತ್ತೇನೆ. ಗೋಡೆಯ ಆಚೆಯಿಂದ, "ಸುಮ್ನಿರ್ಲಾ ಉಂಜ, ನೀರ್ ಬಿದ್ರೆ ಅಂಗಳನಾರ ತೊಳ್ದೋಯ್ತದೆ. ಗುಡ್ಸೋರಂತೂ ಯಾರೂ ಇಲ್ಲ" ಎಂದು ಉತ್ತರ ಬರುತ್ತದೆ. ಮೇಕೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತದೆ. ಬೈಗುಳ ಮಾತ್ರ ಸರಿಯಾದ ಮನೆಗೇ ತಲುಪುತ್ತದೆ.

ಈ ಬೇಸಿಗೆಯಲ್ಲಿ ಊರ ಹಿರೀಕರನ್ನು ಕೂರಿಸಿ ನ್ಯಾಯ ಮಾಡಿಸಿದೆ. ಮಳೆಗಾಲಕ್ಕೆ ಮುಂಚೆ ಜಯಮ್ಮ ಇಳಿಬಿಟ್ಟ ತಗಡು ತೆಗೆಸಬೇಕು, ಸೂರಿನ ಇಳಿಜಾರು ತನ್ನ ಕಡೆಗೇ ತಿರುಗಿಸಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಅವಳು ಎಲ್ಲರ ಎದುರು ತಲೆ ಆಡಿಸಿ ಮನೆಗೆ ಹೋಗಿ ಸುಮ್ಮನಾದಳು. ಕೇಳಿದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತಿದೆ, ಆಳು ಸಿಕ್ಕುತ್ತಿಲ್ಲ, ಏಣಿ ಮುರಿದಿದೆ. ನಾನು ಮೇಕೆಗೆ ದಿನಾ ಜ್ಞಾಪಿಸುತ್ತಿದ್ದೆ.

ಹೀಗಿರುವಾಗ ಮಂಡ್ಯದ ಒಂದು ಕಾಲೇಜಿನಿಂದ ಜೀಪು ಬಂತು. ಒಬ್ಬರು ಮೇಷ್ಟ್ರು, ಅವರ ಕೈಕೆಳಗೆ ಸಂಶೋಧನೆ ಮಾಡುವ ಪವಿತ್ರ ಎಂಬ ಹುಡುಗಿ, ಮೂರು ಕಡ್ಡಿ ಎದ್ದು ನಿಂತ ಒಂದು ಡಬ್ಬಿ. ಹುಡುಗಿ ಮಂಡ್ಯದ ಹತ್ತಿರದ ಹನಕೆರೆಯವಳು. ಮೇಷ್ಟ್ರ ಎದುರು ಪುಸ್ತಕದ ಮಾತು, ಅವರು ಆಚೆ ಹೋದರೆ ನಮ್ಮ ಮಾತು.

"ಇದ್ಯಾರ್ ದುಡ್ಡವ್ವ?" ಎಂದೆ.

"ಸರ್ಕಾರದ್ದು ಕಣಜ್ಜಿ. ಸಂಶೋಧನೆಗೆ ಅಂತ ಕೊಟ್ಟವ್ರೆ."

"ಅಂಗಾದ್ರೆ ನಂದೂ ಸೇರ್ಕೊಂಡದೆ ಬುಡು. ಸೋಪ್ ತಕ್ಕಂಡ್ರೂ ನಾನು ತೆರ್ಗೆ ಕಟ್ತೀನಿ. ಏನ ಕಂಡಿಡೀತೀರಿ?"

"ತಗ್ಗಲ್ಲಿರೋ ಊರ್ಗೆ ಸಿಗ್ನಲ್ ಯಾವ ದಾರೀಲಿ ಬತ್ತದೆ ಅಂತ. ನಿಮ್ ಜಗಲಿ ಮೂಲೇಲಿ ಮಾತ್ರ ಯಾಕ್ ಬತ್ತದೆ ಅಂತ ಗೊತ್ತಾದ್ರೆ, ಬೇರೆ ಕಡೆಗೂ ಅಂಗೇ ತರ್ಬೋದು."

"ಅಷ್ಟಕ್ಕೆ ಜೀಪಾಕ್ಕೊಂಡ್ ಬಂದ್ರಾ? ಪಾಯ ತೋಡ್ಸ್ದಾಗ ಗಳಿಗೆ ಚೆನ್ನಾಗಿತ್ತು. ಬರ್ಕೊಂಡು ಓಗಿ."

ಮೇಷ್ಟ್ರು ಒಳ್ಳೆಯವರು, ಅದನ್ನೂ ಬರೆದುಕೊಂಡರು. ಆದರೆ ಹೋಗಲಿಲ್ಲ. ಡಬ್ಬಿಯನ್ನು ಒರಳುಕಲ್ಲಿನ ಮೇಲಿಟ್ಟು, ಒಂದು ಗೇಣು ಆಚೆ ಇಟ್ಟು, ಒಂದು ಗೇಣು ಈಚೆ ಇಟ್ಟು ನೋಡುತ್ತಿದ್ದರು. ಹುಡುಗಿಯ ಕಂಪ್ಯೂಟರಿನಲ್ಲಿ ಗೆರೆಗಳು ಹುಳು ಹರಿದ ಹಾಗೆ ಹರಿಯುತ್ತಿದ್ದವು. ಗಾಳಿಯಲ್ಲಿ ಬೇಕಾದದ್ದೂ ಬೇಡದ್ದೂ ಕಲಸಿಕೊಂಡು ಬರುತ್ತದೆ, ಅದನ್ನು ಲೆಕ್ಕ ಹಾಕಿ ಜರಡಿ ಹಿಡಿದು ಬೇಕಾದ್ದನ್ನು ಮಾತ್ರ ತೆಗೆಯುವುದೇ ನಮ್ಮ ವಿದ್ಯೆ ಎಂದಳು. ಈ ಜಗಲಿಯ ಮೇಲೆ ಕೂತು ನಾನು ಮಾಡುತ್ತಿದ್ದ ಕೆಲಸಕ್ಕೂ ಕಾಲೇಜಿದೆ ಎಂದು ಗೊತ್ತಾಗಿ ಸಂತೋಷವಾಯಿತು. ಅವಳಿಗೆ ಮುದ್ದೆ, ಉಪ್ಸಾರು ಹಾಕಿದೆ.

ಒಂದು ಬೆಳಿಗ್ಗೆ ಅವಳು ಮೂಲೆಯಲ್ಲಿ ಕೂತು ಗೆರೆ ನೋಡುತ್ತಿರುವಾಗ ಆ ದರಿದ್ರ ಹೊಳಪು ಬಂದು ಅವಳ ಮುಖಕ್ಕೆ ಹೊಡೆಯಿತು. ಕೈ ಅಡ್ಡ ಹಿಡಿದು ತಲೆ ಎತ್ತಿದಳು. ಆಮೇಲೆ ಏನೇನೋ ಅಳೆದು, "ಅಜ್ಜಿ, ಸಿಕ್ತು" ಎಂದಳು. "ಸಿಗ್ನಲ್ ನಿಮ್ಮನೆಗೆ ನೇರ ಬತ್ತಿಲ್ಲ. ಗುಡ್ಡ ಅಡ್ಡ ಅದೆ. ಮೇಲಿಂದ ಓಗೋದು ಅಗೋ ಆ ತಗಡಿಗೆ ಬಡ್ದು, ಅಲ್ಲಿಂದ ಇಲ್ಲಿಗೆ ಬೀಳ್ತಾ ಅದೆ. ಬಿಸ್ಲು ಬೀಳ್ತದಲ್ಲ, ಅಂಗೇ."

"ಯಾವ್ ತಗಡು?"

"ಅದೇ, ಪಕ್ಕದ್ಮನೆಯೋರ್ದು."

ನಾನು ಒರಳುಕಲ್ಲಿನ ಮೇಲೆ ಕೂತುಕೊಂಡೆ. ಒಂದು ಕಡೆ ಬಡಿದು ಇನ್ನೊಂದು ಕಡೆ ತಲುಪುವುದು ಎಂದರೇನು ಎಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟು ವರ್ಷ ನನ್ನ ಮೇಕೆ ಮಾಡಿಕೊಂಡು ಬಂದ ಕೆಲಸ ಅದೇ. ಬಿಡಿಸಿ ಹೇಳಬೇಕಾಗಿದ್ದದ್ದು ಬೇರೆ.

"ಆ ತಗಡು ತೆಗೆದ್ಬುಟ್ರೆ?"

"ತೆಗೆದ್ರೆ ಮುಗೀತು ಕಣಜ್ಜಿ. ನಿಮ್ ಜಗಲೀನೂ ಒಂದೇ, ಆ ತಿಪ್ಪೇನೂ ಒಂದೇ."

ಇದನ್ನು ಜಯಮ್ಮನ ಕಿವಿಗೆ ಮಾತ್ರ ಹಾಕಬೇಡ ಎಂದು ಅವಳ ಕೈ ಹಿಡಿದುಕೊಂಡೆ. ಹುಡುಗಿ ಗೋಡೆಯ ಕಡೆ ನೋಡಿದಳು. ತಗಡಿನ ಪಕ್ಕ ಇನ್ನೊಂದು ಡಬ್ಬಿ ಇಡಲು ಅಪ್ಪಣೆ ಕೇಳುವುದಕ್ಕೆ ಮೇಷ್ಟ್ರು ಆಗಲೇ ಅಲ್ಲಿಗೆ ಹೋಗಿದ್ದರು. ಜಯಮ್ಮ ಅವರಿಗೆ ಕಾಫಿ ಕೊಟ್ಟಿದ್ದಳು, ಚಕ್ಕುಲಿ ಕೊಟ್ಟಿದ್ದಳು, ಎದುರಿಗೆ ಕೂತು ಪಾಠವನ್ನೆಲ್ಲ ಹೇಳಿಸಿಕೊಳ್ಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಗೋಡೆಯ ಆಚೆ ಹುಂಜಕ್ಕೆ ಉಪದೇಶ ನಡೆಯುತ್ತಿತ್ತು. "ನ್ಯಾಯ ಅಂದ್ರೆ ನ್ಯಾಯ ಕಣ್ಲಾ ಉಂಜ. ಇರೀಕ್ರು ಯೋಳವ್ರೆ ಅಂದ್ಮೇಲೆ ತಗಡು ತೆಗಿಸ್ಬೇಕು. ಪಾಪ, ಅಕ್ಕಂಗೆ ಎಷ್ಟ್ ತೊಂದ್ರೆ ಕೊಟ್ಬುಟ್ಟೆ. ಇವತ್ತೇ ತೆಗಿಸ್ಬುಡ್ತೀನಿ." ಎಲ್ಲಿಯೂ ಸಿಕ್ಕದಿದ್ದ ಆಳು ಆಗಲೇ ಏಣಿಯ ಮೇಲಿದ್ದ. ಏಣಿಯೂ ಹೊಸದು.

ನಾನು ಓಡಿಹೋಗಿ ಮೇಕೆಯ ಹಗ್ಗ ಹಿಡಿದುಕೊಂಡೆ. "ಮೇಕೆ, ಇಷ್ಟ್ ಅವಸ್ರ ಯಾಕೆ ಅಂತ. ಮಳೆ ಇನ್ನೂ ಎಲ್ಲದೆ?"

"ಕೊಟ್ಟ ಮಾತ್ಗೆ ತಪ್ಬಾರ್ದು ಕಣ್ಲಾ ಉಂಜ."

"ನೀರ್ ಬಿದ್ರೆ ಬೀಳ್ಲಿ ಕಣೆ ಮೇಕೆ, ತೆಂಗಿನ್ ಸಸಿಗಾಯ್ತದೆ."

"ನಮ್ ನೀರು ನಮ್ ಸಸಿಗೇ ಇರ್ಲಿ ಕಣ್ಲಾ."

ಡಬ್ಬಿ ಹಿಡಿದುಕೊಂಡು ನಡುವೆ ನಿಂತಿದ್ದ ಪವಿತ್ರ, "ಅಜ್ಜಿ, ನೀವಿಬ್ರೂ ನೇರವಾಗಿ ಮಾತಾಡ್ಬಾರ್ದಾ?" ಎಂದಳು.

"ನೇರ ಬಂದ್ರೆ ಗುಡ್ಡ ಅಡ್ಡ ಬತ್ತದೆ ಅಂತ ನೀನೇ ಯೋಳ್ದಲ್ಲವ್ವ" ಎಂದೆ.

ಆ ಹೊತ್ತಿಗೆ ಜಗಲಿಯ ಮೂಲೆಯಲ್ಲಿ ಕೆಳಗಿನ ಬೀದಿಯ ಪುಟ್ಟತಾಯಿ ಕೂತಿದ್ದಳು. ಮಗಳನ್ನು ಹೆರಿಗೆಗೆ ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರು. ಅಳಿಯನ ಫೋನು ಬರುತ್ತದೆಂದು ಬೆಳಕು ಹರಿಯುವ ಮುಂಚೆಯೇ ಬಂದು ಕಾಯುತ್ತಿದ್ದಳು, ಕಾಫಿಯನ್ನೂ ಮುಟ್ಟಿರಲಿಲ್ಲ. ಫೋನು ಬಂತು. "ಆಯ್ತಾ? ನನ್ ಮಗ್ಳು ಯಂಗವ್ಳೆ? ಜೋರಾಗಿ ಯೋಳಿ" ಎಂದು ಅವಳು ಎದ್ದು ನಿಂತಳು. ಏಣಿಯ ಮೇಲಿನವನು ಕೊನೆಯ ಸ್ಕ್ರೂ ಬಿಚ್ಚಿ ತಗಡನ್ನು ಈಚೆಗೆ ಎಳೆದ. ಪುಟ್ಟತಾಯಿ ಫೋನನ್ನು ಕಿವಿಯಿಂದ ತೆಗೆದು ನೋಡಿದಳು, ಮತ್ತೆ ಕಿವಿಗೆ ಇಟ್ಟುಕೊಂಡಳು, ಮತ್ತೆ ತೆಗೆದಳು. ಅವಳಿಗೆ ಅಳು ಕೂಡ ಬರಲಿಲ್ಲ. "ಏನೋ ಅಂದ್ರು, ಅರ್ಧಕ್ಕೇ ಓಯ್ತು" ಎಂದು ನನ್ನ ಮುಖ ನೋಡಿದಳು.

ಗೋಡೆಯ ಮೇಲೆ ಜಯಮ್ಮನ ತಲೆ ಬಂತು. ನನ್ನ ತಲೆಯೂ ಅಲ್ಲೇ ಇತ್ತು. ಅಷ್ಟು ಹತ್ತಿರದಿಂದ ಅವಳ ಮುಖ ನೋಡಿ ಎಷ್ಟೋ ವರ್ಷವಾಗಿತ್ತು. ಅವಳಿಗೂ ವಯಸ್ಸಾಗಿದೆ.

"ತಗಡು ಆಕ್ಸು" ಎಂದೆ.

"ಯಾರ್ಗ್ ಯೋಳ್ತಿದ್ದೀಯಕ್ಕ? ಮೇಕೆಗಾ?"

"ನಿಂಗೇ ಕಣೆ ಜಯಮ್ಮ. ಮೊದ್ಲು ಆಕ್ಸು."

ಅವಳು ಇನ್ನೊಂದು ಸಲ ಹೇಳಿಸಿಕೊಳ್ಳಬಹುದಿತ್ತು. ನಾನಾಗಿದ್ದರೆ ಹೇಳಿಸಿಕೊಳ್ಳುತ್ತಿದ್ದೆ. ಅವಳು ತಿರುಗಿ, "ಏಯ್, ಅಂಗೇ ಎತ್ತಿ ಇಡ್ಕೊಳ್ಲಾ, ಮೊದ್ಲೆಲ್ಲಿತ್ತೋ ಅಲ್ಗೆ" ಎಂದು ಕೂಗಿದಳು. ಅವನು ಏಣಿಯ ಮೇಲೆ ನಿಂತು ತಗಡನ್ನು ತಬ್ಬಿಕೊಂಡು ಎತ್ತಿ ಹಿಡಿದ. ಪವಿತ್ರ ಡಬ್ಬಿ ನೋಡುತ್ತ, "ಇನ್ನೊಂಚೂರು ಓರೆ ಮಾಡಣ್ಣ, ಸಾಕು, ವಾಪಸ್ ಬಾ, ಅಲ್ಲೇ ಇರು" ಎನ್ನುತ್ತಿದ್ದಳು. ಫೋನು ಮತ್ತೆ ಹೊಡೆದುಕೊಂಡಿತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಪುಟ್ಟತಾಯಿ ಆಗ ಅತ್ತಳು. ಏಣಿಯ ಮೇಲಿನವನು, "ಇನ್ನೂ ಎಷ್ಟೊತ್ತು ಇಡ್ಕೊಳ್ಳವ್ವ, ಕೈ ಸೋಲ್ತಾ ಅದೆ" ಎಂದ. ಇಳಿಯಲು ಮೇಷ್ಟ್ರು ಬಿಡಲಿಲ್ಲ. ತಗಡನ್ನು ಹೇಗೆ ವಾಲಿಸಿದರೆ ಸಿಗ್ನಲ್ಲು ಎಲ್ಲಿ ಬೀಳುತ್ತದೆ ಎಂದು ನೋಡಲು ಅವರು ಸರ್ಕಾರಕ್ಕೆ ಬರೆದು ಒಂದು ತಿರುಗುವ ಹಲಗೆ ಕೇಳಿದ್ದರಂತೆ. ಅದು ಬರುವ ಮೊದಲೇ ಈ ಮನುಷ್ಯ ಸಿಕ್ಕಿದ್ದ. ಎಡಕ್ಕೆ, ಬಲಕ್ಕೆ, ಮೇಲಕ್ಕೆ ಎಂದು ಅವನನ್ನು ಸುಸ್ತು ಮಾಡಿಸಿ ಅಷ್ಟನ್ನೂ ಅಳೆದುಕೊಂಡರು.

ತಗಡು ಈಗ ಇದ್ದ ಜಾಗದಲ್ಲೇ ಇದೆ, ಮೊದಲಿಗಿಂತ ಗಟ್ಟಿಯಾಗಿ. ಗೆದ್ದ ನ್ಯಾಯವನ್ನು ನಾನೇ ಹಿರೀಕರ ಮುಂದೆ ವಾಪಸು ತೆಗೆದುಕೊಂಡೆ. ಜನ ಜಗಲಿಗೆ ಬರುವುದು ನಿಂತಿಲ್ಲ. ಆದರೆ ಮೊದಲು ಗೋಡೆಯ ಆಚೆ ಹೋಗಿ, "ಜಯಕ್ಕ, ಒಂದ್ ಫೋನ್ ಮಾಡ್ಕೊಳ್ಳಾ?" ಎಂದು ಕೇಳಿ ಆಮೇಲೆ ನನ್ನ ಜಗಲಿಗೆ ಬರುತ್ತಾರೆ. ಜಯಮ್ಮ ದಿನಾ ಬಂದು ಒರಳುಕಲ್ಲಿನ ಪಕ್ಕ ಕೂತು ತವರಿನವರ ಜೊತೆ ಮಾತಾಡುತ್ತಾಳೆ, ಬಹಳ ಮಟ್ಟಿಗೆ ನನ್ನ ವಿಷಯವೇ. ಅವಳು ಬರುವ ಹೊತ್ತಿಗೆ ಸಾರಿಸಲು ಹೋದರೆ ತಲೆ ಎತ್ತಿ ತಗಡಿನ ಕಡೆ ಒಮ್ಮೆ ನೋಡುತ್ತಾಳೆ, ಅಷ್ಟೆ. ನಾನು ಸಗಣಿ ಬುಟ್ಟಿ ಒಳಗಿಡುತ್ತೇನೆ. ಅವತ್ತು ಮುಖ ನೋಡಿ ಆಡಿದ ಮಾತು ಅವತ್ತಿಗೇ ಮುಗಿಯಿತು, ಈಗ ಮತ್ತೆ ಮೇಕೆ, ಹುಂಜ. ಮಗ ಮೇಕೆಯನ್ನು ಮಾರೋಣ ಎಂದಾಗ ಬೇಡ ಎಂದೆ. ಅತ್ತೆಗೆ ಮೂಕಪ್ರಾಣಿ ಎಂದರೆ ಬಹಳ ಪ್ರೀತಿ ಎಂದು ಸೊಸೆ ಹೇಳಿಕೊಂಡು ತಿರುಗುತ್ತಾಳೆ.

ಮೊನ್ನೆ ಮೊದಲ ಮಳೆ ಬಂತು. ಮೇಕೆಯನ್ನು ಒಳಗೆ ಕಟ್ಟಲು ಅಂಗಳಕ್ಕೆ ಇಳಿದೆ. ಜಯಮ್ಮನ ಸೂರಿನ ನೀರೆಲ್ಲ ಆ ತಗಡಿನ ಗುಂಟ ಇಳಿದು ದಬದಬ ನನ್ನ ನೆತ್ತಿಯ ಮೇಲೇ ಬಿತ್ತು. ಬಾಯಿ ತೆರೆದೆ. ಅಭ್ಯಾಸಬಲದಿಂದ ಮೇಕೆ ತಲೆ ತಗ್ಗಿಸಿ ಬೈಸಿಕೊಳ್ಳಲು ನಿಂತಿತು. ಬಾಯಿ ಮುಚ್ಚಿಕೊಂಡು ಅದಕ್ಕೆ ಒಂದು ಹಿಡಿ ಸೊಪ್ಪು ಹಾಕಿದೆ.

ಗೋಡೆಯ ಆಚೆ ಜಯಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ, "ಯಾಕ್ಲಾ ಉಂಜ, ಇವತ್ತು ಆ ಕಡೆಯಿಂದ ಸಿಗ್ನಲ್ಲೇ ಇಲ್ವಲ್ಲ?" ಎಂದಳು.

ನಾನು ಒದ್ದೆ ಸೆರಗು ಹಿಂಡಿಕೊಂಡು ಮೇಕೆಗೆ ಇನ್ನೊಂದು ಹಿಡಿ ಸೊಪ್ಪು ಹಾಕಿದೆ.