ಮೀರತ್ತಿಗೆ ಹೋದ ಹೀರೆಬಳ್ಳಿ

ನಮ್ಮ ಅತ್ತೆಯವರು ಬದುಕಿನಲ್ಲಿ ಒಂದೇ ಒಂದು ಕಳ್ಳಸಾಗಣೆ ಮಾಡಿದರು. ಸರ್ಕಾರಕ್ಕೆ ಸುಳಿವು ಕೊಡದೆ ಬಳ್ಳಾರಿ ಜಿಲ್ಲೆಯ ಒಂದು ತುಂಡನ್ನು ಮೀರತ್ತಿಗೆ ಸಾಗಿಸಿಬಿಟ್ಟರು. ಸುಳ್ಳೆಂದರೆ ನನ್ನ ಸೊಂಟವನ್ನು ಕೇಳಿ. ಆ ಗೋಣಿಚೀಲದ ಒಂದು ಮೂಲೆ ಹಿಡಿದವಳು ನಾನೇ.

ಯುದ್ಧ ಮುಗಿದ ಮರುವರ್ಷದ ಮಾತು. ನನ್ನ ಯಜಮಾನರು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಸೈನ್ಯದ ಉಗ್ರಾಣದ ಗುಮಾಸ್ತರು. ಒಂದು ಸಂಜೆ ಮೀರತ್ತಿಗೆ ವರ್ಗವಾಯಿತೆಂದು ಕಾಗದ ಹಿಡಿದು ಬಂದರು. ಮೀರತ್ ಎಲ್ಲಿದೆಯೆಂದು ನನಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. "ಗುಂತಕಲ್ ದಾಟಿ ಹೋಗಬೇಕು, ದಿಲ್ಲಿ ಕಡೆ" ಎಂದರು ಯಜಮಾನರು. ಗುಂತಕಲ್ಲಿನ ಆಚೆಗೂ ಊರುಗಳಿವೆ ಎಂಬುದನ್ನೇ ಅತ್ತೆ ಪೂರ್ತಿ ನಂಬಿರಲಿಲ್ಲ. ಮರುದಿನ ನಾನು ಟ್ರಂಕಿಗೆ ಸೀರೆ ತುಂಬುತ್ತಿದ್ದರೆ ಅವರು ಹಿತ್ತಲಲ್ಲಿ ಗುದ್ದಲಿ ಹಿಡಿದು ನಿಂತಿದ್ದರು.

"ಏನು ಮಾಡಾಕತ್ತೀರಿ ಅತ್ತಿ?"

"ಎರಿಮಣ್ಣು ತುಂಬಾಕತ್ತೀನಿ. ಗುರುತಿಲ್ಲದ ಮಣ್ಣಾಗ ಹೀರಿಬಳ್ಳಿ ಬೇರು ಬಿಡಂಗಿಲ್ಲ."

"ಮತ್ತ ನಾವು ಬಿಡಬೇಕೇನು?"

"ನಮಗೇನವಾ, ರೇಶನ್ ಕಾರ್ಡ್ ಕೊಡ್ತಾರ."

ಈ ಹೀರೆಬಳ್ಳಿಯ ಹಿನ್ನೆಲೆ ಹೇಳಬೇಕು. ಅತ್ತೆಯ ತವರು ಕುರುಗೋಡು. ತಂದೆ ತಾಯಿ ಎಂದೋ ಹೋಗಿದ್ದರು. ಮನೆಯಳಿಯನನ್ನು ತಂದುಕೊಂಡು ಆ ಮನೆಯಲ್ಲೇ ಉಳಿದ ಅಕ್ಕ ಒಬ್ಬರಿದ್ದರು. ಅತ್ತೆಗೆ ತವರು ಎಂದರೆ ಅಷ್ಟೇ. ಮುತ್ತೈದೆಯಾಗಿದ್ದಾಗ ವರ್ಷಕ್ಕೊಮ್ಮೆ ಕರೆ ಬರುತ್ತಿತ್ತು, ಹೋಗಿ ಉಡಿ ತುಂಬಿಸಿಕೊಂಡು ಬರುತ್ತಿದ್ದರು. ಮಾವನವರು ತೀರಿಕೊಂಡ ಮೇಲೆ ಅದು ನಿಂತಿತು. ಗಂಡ ಸತ್ತವಳಿಗೆ ಯಾರು ಉಡಿ ತುಂಬುತ್ತಾರೆ? ಕರೆಯದ ಮನೆಗೆ ಸುಮ್ಮಸುಮ್ಮನೆ ಹೋಗುವ ಜಾತಿಯಲ್ಲ ನಮ್ಮತ್ತೆ. ಆದರೆ ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಬೀಜ ಯಾವ ಮನೆಯಿಂದ ಬಂತೋ ಬಳ್ಳಿಯ ಒಂದನೇ ಕಾಯಿ ಆ ಮನೆಗೇ ಹೋಗಬೇಕು. ಅತ್ತೆಯ ಹೀರೆಬೀಜ ಕುರುಗೋಡಿನದು. ಇಷ್ಟು ಸಾಕಲ್ಲ!

ಹಾಗಾಗಿ ಪ್ರತಿ ವರ್ಷ, ಯುದ್ಧಕಾಲದ ಆ ಇದ್ದಿಲು ಬಸ್ಸಿನಲ್ಲಿ, ಮಡಿಲಲ್ಲಿ ಒಂದೇ ಒಂದು ಹೀರೆಕಾಯಿ ಇಟ್ಟುಕೊಂಡು ನಮ್ಮತ್ತೆ ಕುರುಗೋಡಿಗೆ ಹೊರಡುತ್ತಿದ್ದರು. ಏರು ಬಂದಲ್ಲಿ ಬಸ್ಸು ದಮ್ಮು ಹತ್ತಿ ನಿಲ್ಲುತ್ತಿತ್ತು. ಎಲ್ಲರೂ ಇಳಿದು ನೂಕಬೇಕು. ಅತ್ತೆ ಮಾತ್ರ ಇಳಿಯುತ್ತಿರಲಿಲ್ಲ, ಕಾಯಿಗೆ ಪೆಟ್ಟಾದರೆ? ಒಂದು ಹೀರೆಕಾಯಿಗೆ ಇಷ್ಟು ಪ್ರಯಾಣವೇ ಎಂದು ನಾನು ನಗುತ್ತಿದ್ದೆ. ನನ್ನ ತವರು ಸಿರುಗುಪ್ಪ, ಅಪ್ಪ ಅವ್ವ ಇಬ್ಬರೂ ಇದ್ದರು, ವರ್ಷಕ್ಕೆರಡು ಸಲ ಕರೆಯುತ್ತಿದ್ದರು. ಅಂಥವಳಿಗೆ ನಗುವುದು ಸುಲಭ.

ಸರಿ, ರೈಲು ಹತ್ತಿದೆವು. ಧಾನ್ಯ ಸಾಗಿಸಬಾರದೆಂಬ ಕಟ್ಟುನಿಟ್ಟಿನ ದಿನಗಳು. ಎಲ್ಲೋ ಉತ್ತರದ ಕಡೆ ಒಬ್ಬ ಅಧಿಕಾರಿ ಡಬ್ಬಿಯೊಳಗೆ ಬಂದು ನಮ್ಮ ಗೋಣಿಚೀಲವನ್ನು ಕೋಲಿನಿಂದ ತಿವಿದು ಹಿಂದಿಯಲ್ಲಿ ಗದರಿಸಿದ. ಇಲ್ಲಿ ನಮ್ಮತ್ತೆಯ ಭಾಷಾಶಾಸ್ತ್ರವನ್ನು ಹೇಳಲೇಬೇಕು. ಬಳ್ಳಾರಿಯವರಾದ್ದರಿಂದ ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಮನುಷ್ಯರು ಎರಡೇ ಬಗೆ: ಕನ್ನಡ ಬರುವವರು, ತೆಲುಗು ಬರುವವರು. ಈತ ಮೊದಲನೆಯ ಬಗೆಯಲ್ಲ ಎಂದು ಕಂಡ ಕೂಡಲೇ ಅತ್ತೆ ಸಮಾಧಾನದಿಂದ, "ಮಟ್ಟಿ ನಾಯನಾ, ಮಾ ಊರಿ ಮಟ್ಟಿ" ಎಂದರು, ಮಣ್ಣಪ್ಪಾ, ನಮ್ಮೂರ ಮಣ್ಣು ಎಂದು ತೆಲುಗಿನಲ್ಲಿ. ಆತ ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿದ. ಅಕ್ಕಿ ಸಿಗಲಿಲ್ಲ, ಜೋಳ ಸಿಗಲಿಲ್ಲ, ಕಪ್ಪು ಮಣ್ಣು ಸಿಕ್ಕಿತು. ಹುಚ್ಚರ ಸಂಗಡ ಪ್ರಯಾಣ ಮಾಡುತ್ತಿದ್ದೀಯಲ್ಲ ತಾಯಿ ಎಂಬಂತೆ ನನ್ನ ಮುಖ ನೋಡಿ ಇಳಿದುಹೋದ. "ನೋಡಿದೇನು, ತೆಲುಗು ತಿಳಿದೈತಿ ಅವಗ" ಎಂದರು ಅತ್ತೆ.

ಮೀರತ್ತಿನ ಮನೆಗೆ ಹಿತ್ತಲಿತ್ತು, ಬೇವಿನ ಮರವಿತ್ತು, ಬಾವಿಯಲ್ಲಿ ಸಿಹಿ ನೀರಿತ್ತು. ಅತ್ತೆ ಎಲ್ಲವನ್ನೂ ನೋಡಿದ ಮೇಲೆ ಮಾಳಿಗೆ ಹತ್ತಿ ನಾಲ್ಕು ದಿಕ್ಕಿಗೂ ತಿರುಗಿದರು. "ಗುಡ್ಡ ಎಲ್ಲಿ?" ಎಂದರು. ಇಲ್ಲಿ ಗುಡ್ಡ ಇಲ್ಲ ಎಂದೆ. "ಗುಡ್ಡ ಇಲ್ಲದ ಊರಾಗ ಹೊತ್ತು ಎಲ್ಲಿ ಮುಳುಗತೈತಿ?" ಎಂದು ಕೇಳಿದರು. ಆ ಸಂಜೆ ಹೊತ್ತು ಹೇಗೋ ಮುಳುಗಿತು, ಅವರು ಅದನ್ನು ಒಪ್ಪಲಿಲ್ಲ.

ಬೇವಿನ ಮರದಿಂದ ದೂರ ನಾಲ್ಕು ಮೊಳ ಜಾಗ ಅಗೆದು ಬಳ್ಳಾರಿಯ ಮಣ್ಣನ್ನು ಸುರಿದರು. ಆ ನಾಲ್ಕು ಮೊಳಕ್ಕೆ ಕುರುಗೋಡು ಎಂದೇ ಹೆಸರಾಯಿತು. ಕುರುಗೋಡಿನಲ್ಲಿ ಯಾರೂ ಚಪ್ಪಲಿ ಮೆಟ್ಟಿ ಓಡಾಡುವಂತಿಲ್ಲ. ಸುತ್ತಲಿನ ಮಿಕ್ಕ ಹಿತ್ತಲಿಗೆ ಸಿರುಗುಪ್ಪ ಎಂದು ಹೆಸರಿಟ್ಟು, ಎಂಜಲು ನೀರು ಚೆಲ್ಲಲು ನನಗೆ ಬಿಟ್ಟುಕೊಟ್ಟರು. "ನಿಮ್ಮೂರಾಗ ಹೊಳಿ ಐತಲ್ಲ, ನೀರಂದ್ರ ನಿಮಗ ಪ್ರೀತಿ" ಎಂಬುದು ಕಾರಣ!

ಬೂದಿಯಲ್ಲಿ ಹೊರಳಿಸಿ ಪುಟ್ಟ ಗಡಿಗೆಯಲ್ಲಿ ತಂದ ಬೀಜ ಎರಡು ಹಿಡಿ. ಮೃಗಶಿರ ಕೂಡಿದ ದಿನ ಅತ್ತೆ ಒಂದು ಹಿಡಿ ಬೀಜ ಹಿಡಿದು ಹಿತ್ತಲಿಗೆ ಇಳಿದರು. ಮೀರತ್ತಿನ ಆಕಾಶದಲ್ಲಿ ಮೋಡದ ಚೂರೂ ಇಲ್ಲ, ಬೆಂಕಿಯಂಥ ಗಾಳಿ.

"ಅತ್ತಿ, ಇಲ್ಲಿ ಮಳಿ ಇನ್ನೂ ಬಂದಿಲ್ಲ" ಎಂದೆ.

"ಪಂಚಾಂಗದಾಗ ಬಂದೈತಿ."

"ಅದು ನಮ್ಮೂರ ಪಂಚಾಂಗ, ಅತ್ತಿ."

"ಚುಕ್ಕಿ ಊರಿಗೊಂದು ಅದಾವೇನು?"

ಬಿತ್ತಿದರು. ಮೊಳಕೆಯೂ ಬಂತು. ಬಂದದ್ದು ನಾಲ್ಕೇ ದಿನದಲ್ಲಿ ಹಪ್ಪಳವಾಯಿತು. ಅತ್ತೆ ಪಂಚಾಂಗವನ್ನು ಬಯ್ಯಲಿಲ್ಲ, ಗಾಳಿಯನ್ನು ಬಯ್ಯಲಿಲ್ಲ. ಉಳಿದ ಒಂದು ಹಿಡಿ ಬೀಜವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಗೋಡೆಯಾಚೆಯ ಮನೆಯಾಕೆ ಏನು ಮಾಡುತ್ತಾಳೆಂದು ನೋಡುತ್ತ ಕುಳಿತರು. ಆಕೆ ಬಿತ್ತಿದ ದಿನವೇ ಇವರೂ ಬಿತ್ತಿದರು. ಆಕೆ ಹಿಂದಿಯಲ್ಲಿ, ಇವರು ತೆಲುಗಿನಲ್ಲಿ ಗೋಡೆಯ ಎರಡೂ ಬದಿ ನಿಂತು ತಾಸುಗಟ್ಟಲೆ ಮಾತಾಡುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಕಾರಣ ಒಂದು ದಿನವೂ ಜಗಳವಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದನೇ ಕಾಯಿ ಬಿಟ್ಟಿತು. ನೀಳವಾಗಿ, ಏಣುಗಳು ಎದ್ದು ಕಾಣುವ ಅಪ್ಪಟ ಕುರುಗೋಡಿನ ಹೀರೆ. ಈಗ ಅದು ಕುರುಗೋಡಿಗೆ ಹೋಗಬೇಕು. ಒಯ್ಯುವವರು ಯಾರು? ಬಳ್ಳಾರಿ ಕಡೆ ಹೊರಟವರು ಯಾರಾದರೂ ಇದ್ದಾರೇನೋ ಎಂದು ಯಜಮಾನರು ದಿನಾ ಕಚೇರಿಯಲ್ಲಿ ವಿಚಾರಿಸಬೇಕಾಯಿತು. ಯಾರೂ ಇಲ್ಲ. ಕಿತ್ತರೆ ಕೆಡುತ್ತದೆಂದು ಕಾಯಿ ಬಳ್ಳಿಯಲ್ಲೇ ಉಳಿಯಿತು. ಅದರ ಹಿಂದೆ ಬಂದ ಕಾಯಿಗಳು ಪಲ್ಯವಾದವು, ಚಟ್ನಿಯಾದವು. ಒಂದನೇ ಕಾಯಿ ಮಾತ್ರ ಬಲಿಯಿತು, ಹಳದಿಯಾಯಿತು, ಒಣಗತೊಡಗಿತು. ಅತ್ತೆ ದಿನಾ ಅದನ್ನು ಮುಟ್ಟಿ ನೋಡಿ, "ತಡಿ, ಯಾರರ ಬರ್ತಾರ" ಎನ್ನುತ್ತಿದ್ದರು.

ಆಮೇಲೆ ಚಳಿಗಾಲ ಬಂತು. ಒಂದು ಬೆಳಗ್ಗೆ ಅತ್ತೆ ಕೂಗಿದ್ದು ಕೇಳಿ ಓಡಿದೆ. ಬಳ್ಳಿಯ ಎಲೆಗಳ ಮೇಲೆಲ್ಲ ಬೆಳ್ಳಗೆ ಪುಡಿ. "ಉಪ್ಪು ಚೆಲ್ಯಾರ! ಆಚೀ ಮನ್ಯಾಕಿದೇ ಕೆಲಸ. ನಿನ್ನೆ ಬಳ್ಳಿ ನೋಡಿ ಹೊಗಳಿದ್ಳು" ಎಂದರು. ತೆಲುಗು ಬಲ್ಲ ಅತ್ತೆಗೆ ಹಿಂದಿಯ ಹೊಗಳಿಕೆ ಹೇಗೆ ತಿಳಿಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾವು ಬಳ್ಳಾರಿಯವರು, ಬಿಸಿಲಿನ ಎಲ್ಲ ಬಗೆ ಬಲ್ಲೆವು, ಮಂಜು ಹೆಪ್ಪುಗಟ್ಟಿ ಎಲೆಯ ಮೇಲೆ ಕೂಡುವುದನ್ನು ಕಂಡವರೇ? ನನಗೂ ಉಪ್ಪಿನಂತೆಯೇ ಕಂಡಿತು. ಅತ್ತೆ ಒಂದು ಎಲೆಯನ್ನು ಸಾಕ್ಷಿಗೆಂದು ಕಿತ್ತು, ಅಂಗೈಯಲ್ಲಿ ಮುಚ್ಚಿಕೊಂಡು ದಡದಡನೆ ನೆರೆಮನೆಗೆ ನಡೆದರು. ಆಕೆ ಬಾಗಿಲು ತೆರೆದಳು. ಅತ್ತೆ ಅಂಗೈ ಬಿಚ್ಚಿದರು. ಎಲೆಯಿತ್ತು. ಉಪ್ಪಿರಲಿಲ್ಲ, ಒಂದಿಷ್ಟು ನೀರಿತ್ತು.

ಆಕೆ ನಗಲಿಲ್ಲ, ಅದು ಅವಳ ದೊಡ್ಡಗುಣ. ಕೈಹಿಡಿದು ತನ್ನ ಹಿತ್ತಲಿಗೆ ಕರೆದೊಯ್ದು, ಹಳೆಯ ರಜಾಯಿ ಹೊದ್ದು ಮಲಗಿದ್ದ ತನ್ನ ಗಿಡಗಳನ್ನು ತೋರಿಸಿದಳು. ಅತ್ತೆ ಮರುದಿನದಿಂದಲೇ ಪಾಠ ಕಲಿತರು. ಬೆಳಗ್ಗೆ ಯಜಮಾನರು ಕಚೇರಿಗೆ ಹೊರಟು ಕೋಟು ಹುಡುಕುತ್ತಾರೆ, ಕೋಟಿಲ್ಲ! ಹಿತ್ತಲಿಗೆ ಹೋಗಿ ನೋಡಿದರೆ ಅದು ಹೀರೆಕಾಯಿಯ ಮೈಮೇಲೆ, ಗುಂಡಿ ಸಮೇತ.

"ಅವ್ವಾ, ನನಗ ಚಳಿ ಆಗಂಗಿಲ್ಲೇನು?" ಎಂದರು ಅವರು.

"ನೀನು ಓಡ್ಯಾಡ್ತಿ. ಅದು ನಿಂತಲ್ಲೇ ನಿಂತೈತಿ" ಎಂದರು ಅತ್ತೆ.

ಚಳಿ ಕಳೆಯುವ ಹೊತ್ತಿಗೆ ಬಳ್ಳಿ ಸತ್ತಿತ್ತು. ಒಂದನೇ ಕಾಯಿ ಒಣಗಿ ಹಗುರಾಗಿ, ಒಳಗೆಲ್ಲ ನಾರಾಗಿತ್ತು. ಆಗ ಬಳ್ಳಾರಿಯ ಒಬ್ಬ ಗುಮಾಸ್ತರು ರಜೆಯ ಮೇಲೆ ಊರಿಗೆ ಹೊರಟರು. ಅತ್ತೆ ಅವರ ಕೈಗೆ ಕಾಯಿ ಕೊಟ್ಟರು. ಅವರು ತಿರುಗಿಸಿ ನೋಡಿ, "ಅಮ್ಮಾ, ಇದು ಬೆನ್ನು ತಿಕ್ಕೊಳ್ಳೋದಲ್ಲೇನ್ರಿ?" ಎಂದರು.

"ಒಂದನೇ ಕಾಯಿ ಅದು. ಮರ್ಯಾದಿಲೆ ಒಯ್ಯಪಾ" ಎಂದರು ಅತ್ತೆ.

ಎರಡು ತಿಂಗಳಿಗೆ ಕುರುಗೋಡಿನಿಂದ ಕಾರ್ಡು ಬಂತು. ಅಕ್ಕನಿಗೆ ಅಕ್ಷರ ಬಾರದು, ಸಾಲಿ ಮಾಸ್ತರರು ಬರೆದುಕೊಟ್ಟದ್ದು. ಯಜಮಾನರು ಓದಿದರು: 'ಎಲ್ಲರೂ ಕ್ಷೇಮ. ನೀನು ಕಳಿಸಿದ ಕಾಯಿ ಮುಟ್ಟಿತು. ಪಲ್ಯಕ್ಕೆ ಬರಲಿಲ್ಲ. ಬೆನ್ನು ತಿಕ್ಕಿಕೊಂಡೆವು.'

ನಾನು ನಕ್ಕುಬಿಟ್ಟೆ. ನನ್ನ ತಪ್ಪೇ. ಅತ್ತೆ ಇನ್ನೊಮ್ಮೆ ಓದಿಸಿದರು. "ನಕ್ಕೋತ ಬರಸ್ಯಾಳೋ, ಸಿಟ್ಟಿಲೆ ಬರಸ್ಯಾಳೋ?" ಎಂದು ಮಗನನ್ನು ಕೇಳಿದರು. ಕಾರ್ಡಿನಲ್ಲಿ ಅದು ಹೇಗೆ ತಿಳಿಯಬೇಕು? ಕಾರ್ಡನ್ನು ಗಡಿಗೆಯೊಳಗೆ ಹಾಕಿ ಮುಚ್ಚಿಟ್ಟರು. ಮರುವರ್ಷವೂ ಬಳ್ಳಿ ಹಬ್ಬಿಸಿದರು, ಆದರೆ ಒಂದನೇ ಕಾಯಿಯನ್ನು ನೆರೆಮನೆಯ ಹಸುವಿಗೆ ಹಾಕಿದರು. "ಯಾಕತ್ತಿ, ಕಳಸಂಗಿಲ್ಲೇನು?" ಎಂದೆ. "ಬೆನ್ನು ತಿಕ್ಕೊಳ್ಳಾಕ ಕುರುಗೋಡಾಗ ಕಲ್ಲು ಕಡಿಮಿ ಅದಾವೇನು?" ಎಂದರು. ಮಾತು ಚುರುಕಾಗಿಯೇ ಇತ್ತು. ಆದರೆ ಸಂಜೆ ಮಾಳಿಗೆ ಹತ್ತಿದವರು ದೀಪ ಹಚ್ಚುವ ಹೊತ್ತಾದರೂ ಇಳಿಯಲಿಲ್ಲ. ಕರೆಯಲು ಹೋದರೆ, ಕುರುಗೋಡು ಯಾವ ದಿಕ್ಕಿಗೆ ಎಂದು ಕೇಳಿದರು. ಕೈ ತೋರಿಸಿದೆ. ಆ ದಿಕ್ಕಿನಲ್ಲಿ ಬೇವಿನ ಮರ ಅಡ್ಡವಿತ್ತು. ಅವರು ಅದನ್ನೇ ನೋಡುತ್ತ ಕುಳಿತಿದ್ದರು. ಹಾಗೆ ಐದು ವರ್ಷ, ಐದು ಹೀರೆಕಾಯಿ, ಹಸು ಒಂದೇ.

ಆರನೆಯ ವರ್ಷ ಮುಗಿಯುತ್ತಲೇ ಬಳ್ಳಾರಿಗೆ ಮತ್ತೆ ವರ್ಗವಾಯಿತು. ಮನೆ ಸೇರಿ ವಾರವಾದರೂ ಅತ್ತೆ ಕುರುಗೋಡಿನ ಮಾತೆತ್ತಲಿಲ್ಲ. ಕರೆ ಬಂದಿಲ್ಲ, ಒಯ್ಯಲು ಕಾಯಿಯೂ ಇಲ್ಲ. ಕೊನೆಗೆ ನಾನೇ ಎಳೆದುಕೊಂಡು ಹೊರಟೆ. ಬಸ್ಸೀಗ ಇದ್ದಿಲಿನದಲ್ಲ, ಎಲ್ಲೂ ನಿಲ್ಲದೆ ಓಡಿತು. ಅತ್ತೆ ದಾರಿಯುದ್ದಕ್ಕೂ ಬರಿದಾದ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಗುಡ್ಡ ಕಂಡಾಗ ಮಾತ್ರ ಮುಖ ಎತ್ತಿದರು.

ಅಕ್ಕ ಹಣ್ಣು ಹಣ್ಣು ಮುದುಕಿಯಾಗಿದ್ದರು. "ಬಾ" ಎಂದರು, ಅಷ್ಟೇ. ಪಡಸಾಲೆಯಲ್ಲಿ ಕೂತೆವು. ಮೇಲೆ ನೋಡಿದರೆ ತೊಲೆಗೆ ಸಾಲಾಗಿ ಕಟ್ಟಿದ ಒಣಗಿದ ಹೀರೆಕಾಯಿಗಳು. ಅತ್ತೆಯೂ ನೋಡಿದರು. ಐದು ವರ್ಷದ ಮಾತು ಹೊರಬಿತ್ತು.

"ಬೆನ್ನು ತಿಕ್ಕೊಳ್ಳಾಕ ಇಷ್ಟು ಬೇಕೇನಕ್ಕಾ ನಿಮಗ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ನೀ ಹೋದ ವರ್ಷ ನನ್ನ ಬೀಜದ ಗಡಿಗಿಗೆ ಇಲಿ ಬಿದ್ದುವು. ಒಂದು ಬೀಜ ಉಳೀಲಿಲ್ಲ. ಬಾದನಹಟ್ಟಿಗೂ ಹೋಗಿ ಕೇಳಿ ಬಂದೆ, ಈ ಜಾತಿ ಎಲ್ಲೂ ಸಿಗಲಿಲ್ಲ. ಅವ್ವನ ಕಾಲದ ಬೀಜ, ನನ್ನ ಕೈಯಾಗ ಹೋತಲ್ಲ ಅಂತ ಕಣ್ಣೀರು ಹಾಕಿದೆ. ಆಗ ನಿನ್ನ ಕಾಯಿ ಬಂತು. ಅಳ್ಳಾಡಿಸಿದೆ, ಒಳಗ ಗಲಗಲ ಅಂತು."

"ಮತ್ತ ಕಾರ್ಡಿನಾಗ?"

"ಬೀಜ ಕಳಕೊಂಡೆ ಅಂತ ಮಾಸ್ತರ ಮುಂದ ಹೆಂಗ ಬರಸಲಿ? ನಾಚಿಕಿ ಬಂತು. ಬಾಯಿಗೆ ಬಂದದ್ದು ಬರಸಿದೆ."

ಪಡಸಾಲೆಯ ಕಟ್ಟೆ ಹತ್ತಿ ನಿಂತು ಅಕ್ಕ ಒಂದೊಂದಾಗಿ ಕಾಯಿ ಬಿಚ್ಚತೊಡಗಿದರು. "ಬೀಜ ಕೊಟ್ಟ ಮನಿ ಈಗ ನಿಂದು. ವರ್ಷಾ ಒಂದನೇ ಕಾಯಿ ನಿನಗ ಬರಬೇಕು. ಅಷ್ಟು ದೂರ ಒಯ್ಯಾವರು ಯಾರು? ಅದಕ್ಕ ಇಲ್ಲೇ ಕಟ್ಟಿಟ್ಟೆ. ಐದು ವರ್ಷದವು ಐದೂ ಅದಾವ ನೋಡು. ಹಿಡಿ, ಸೆರಗು ಒಡ್ಡು."

"ನನಗೆಲ್ಲಿಯ ಉಡಿ, ಅಕ್ಕಾ" ಎಂದರು ಅತ್ತೆ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಉಡಿ ಅಂದೋರು ಯಾರು? ಹೀರಿಕಾಯಿ ಇವು. ಒಡ್ಡವಾ."

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಆ ಮನೆಯ ಹೀರೆಕಾಯಿಯ ಬಗ್ಗೆ ನಾನು ನಕ್ಕ ನಗುಗಳೆಲ್ಲ ಒಮ್ಮೆಗೇ ನೆನಪಾಗಿದ್ದವು. ಟಿಕೆಟು ಕೊಡಲು ಬಂದ ಕಂಡಕ್ಟರು ಅತ್ತೆಯ ಮಡಿಲು ನೋಡಿದ.

"ಏನಮ್ಮಾ, ಬೆನ್ನು ತಿಕ್ಕೊಳ್ಳೋದು ಮಾರಾಕ ಹೊಂಟೀರೇನು?"

ಈಗ ಬಿತ್ತು ಬೈಗುಳ ಎಂದುಕೊಂಡೆ. ಅತ್ತೆ ಸೆರಗಿನ ಅಂಚನ್ನು ಎರಡೂ ಕೈಯಿಂದ ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಇಲ್ಲಪಾ. ತವರುಮನಿಗೆ ಹೋಗಿದ್ದೆ. ಉಡಿ ತುಂಬಿ ಕಳಸ್ಯಾರ" ಎಂದರು.