ಗಂಜಿಗೆ ಉಪ್ಪು ಹಾಕಿ ನೇಯ್ದ ಸೀರೆ

ಸಮುದ್ರದ ದಂಡೆಯಲ್ಲಿ ಉಡುವ ಬಟ್ಟೆಯನ್ನು ದೊಡ್ಡಬಳ್ಳಾಪುರದಲ್ಲಿ ಕೂತು ನೇಯ್ದವನು ಈ ಲೋಕದಲ್ಲಿ ಒಬ್ಬನೇ. ಅವನು ನಮ್ಮ ಅಕ್ಕನ ಗಂಡ, ನನ್ನ ಭಾವ. ಸಮುದ್ರ ನೋಡಿದ್ದನೇ? ಎಲ್ಲಿಯದು! ಅವನು ಕಂಡಿದ್ದ ದೊಡ್ಡ ನೀರೆಂದರೆ ಊರ ಮುಂದಿನ ಕೆರೆ. ಬೇಸಿಗೆಯಲ್ಲಿ ಅದರೊಳಗೆ ಎಮ್ಮೆ ಮಲಗಿದರೆ ಬೆನ್ನು ಕೂಡ ನೆನೆಯುತ್ತಿರಲಿಲ್ಲ.

ಕಾರಣ ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ನೀವೂ ಊರವರ ಹಾಗೆ ಅವನಿಗೆ ಹುಚ್ಚು ಎಂದುಬಿಡುತ್ತೀರಿ. ಅದು ಯುದ್ಧದ ಕಾಲ. ಅಕ್ಕನಿಗೆ ಕ್ಷಯ. ನೋಡಿಕೊಳ್ಳಲೆಂದು ಅಪ್ಪ ನಮ್ಮೂರು ಸಾಸಲಿನಿಂದ ನನ್ನನ್ನು ಕಳಿಸಿದ್ದ. ಬೆಂಗಳೂರಿನ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಕೇಳಿ, "ಮಗ್ಗದ ಮನೆಯ ಧೂಳು ಇವಳಿಗೆ ಆಗದು. ಸಮುದ್ರದ ಗಾಳಿ ಬೇಕು. ಮೈ ಬಿಗಿಯದ ಸಡಿಲ ಬಟ್ಟೆ ಹಾಕಿ. ಒಂದು ವರ್ಷ ಮದರಾಸಿನ ಕಡೆ ಇರಿಸಿ" ಎಂದರು. ಎಷ್ಟು ಸಲೀಸು! ಆಗ ಮದರಾಸಿನವರೇ ಬಾಂಬು ಬೀಳುತ್ತದೆಂದು ಹೆದರಿ ಹಾಸಿಗೆ ಸುತ್ತಿಕೊಂಡು ನಮ್ಮ ಕಡೆಗೆ ಓಡಿ ಬರುತ್ತಿದ್ದರು. ರೈಲಿನ ತುಂಬ ಸೋಲ್ಜರುಗಳು. ನಾಲ್ಕು ಹೆಜ್ಜೆಗೆ ಕೆಮ್ಮುವ ಹೆಂಗಸನ್ನು ಕಟ್ಟಿಕೊಂಡು ಹೋಗುವುದು ಎಲ್ಲಿಗೆ?

ಮೂರನೆಯ ದಿನ ಭಾವ ಮುದ್ದೆ ಮುರಿಯುತ್ತಾ ಹೇಳಿದ.

"ನಾವು ಅಲ್ಲಿಗೆ ಹೋಗಕ್ಕಾಗಲ್ಲ. ಅದನ್ನೇ ಇಲ್ಲಿಗೆ ತರ್ತೀನಿ."

"ಏನನ್ನ?"

"ಸಮುದ್ರಾನ."

"ಕೊಡದಲ್ಲೋ, ಗಾಡೀಲೋ?" ಎಂದೆ.

"ಬಟ್ಟೇಲಿ" ಎಂದ.

ಮದರಾಸಿನಿಂದ ಓಡಿ ಬಂದ ಮುದುಕರೊಬ್ಬರು ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದರು. ಭಾವ ಅವರ ಜಗಲಿಯನ್ನು ಬಿಟ್ಟು ಏಳಲಿಲ್ಲ. ನಾನು ಊಟಕ್ಕೆ ಕರೆಯಲು ಹೋದಾಗಲೂ ಅದೇ ವಿಚಾರಣೆ.

"ಸ್ವಾಮಿ, ಸಮುದ್ರದ ಹತ್ರ ಜನ ಏನುಡ್ತಾರೆ?"

"ಎಷ್ಟು ಕಮ್ಮಿ ಉಟ್ಟರೆ ಆಗುತ್ತೋ ಅಷ್ಟು! ಬೆವರಪ್ಪಾ, ಬೆವರು!"

"ಹೆಂಗಸ್ರು?"

"ತೆಳ್ಳಗೆ, ಸಡಿಲವಾಗಿ. ಗಾಳಿ ಬಂದರೆ ದೋಣಿ ಪಟದ ಥರ ಉಬ್ಬಬೇಕು."

"ಬಣ್ಣ?"

"ಯಾವ ಕಾಲದ ಬಣ್ಣ? ಬೇಸಿಗೇಲಿ ತಿಳಿ ನೀಲಿ, ಮಳೇಲಿ ಪಾಚಿ, ಚಳೀಲಿ ಬೆಳಿಗ್ಗೆ ನೋಡಿದರೆ ಹೊಗೆ. ಸಮುದ್ರ ಅಂದರೆ ನಿಮ್ಮ ಮನೆ ಗೋಡೆಯಾ, ಒಂದೇ ಬಣ್ಣ ಇರೋದಕ್ಕೆ?"

ಬೇರೆಯವರಾಗಿದ್ದರೆ ಅಲ್ಲಿಗೆ ಕೈ ಮುಗಿದು ಎದ್ದು ಬರುತ್ತಿದ್ದರು. ಭಾವ ಕಾಲಕ್ಕೊಂದರಂತೆ ಮೂರು ಸೀರೆ ನೇಯುವುದೆಂದು ತೀರ್ಮಾನ ಮಾಡಿಕೊಂಡು ಬಂದ. ಡಾಕ್ಟರು ಹೇಳಿದ ಒಂದು ವರ್ಷ ಅಷ್ಟರಲ್ಲಿ ಕಳೆಯುತ್ತದೆ, ಅವಳು ಎದ್ದು ಓಡಾಡುತ್ತಾಳೆ ಎಂಬ ಲೆಕ್ಕ ಅವನದು.

ನೂಲಿಗೆ ಬಣ್ಣ ಹಾಕುವ ಕೆಲಸ ಶುರುವಾಯಿತು. ಭಾವನ ಕೈ ನೀಲಿ. ಉಂಡರೆ ಮುದ್ದೆ ನೀಲಿ. ಕೆರೆದುಕೊಂಡರೆ ಮೂಗು ನೀಲಿ. ಅಕ್ಕ ಮಲಗಿದಲ್ಲಿಂದಲೇ ನೋಡಿ, "ಗುಡಿ ಮುಂದೆ ಹೋಗಿ ನಿಂತ್ಕೋ. ಕೃಷ್ಣ ಅಂದ್ಕೊಂಡು ಯಾರಾದ್ರೂ ಬೆಣ್ಣೆ ಕೊಡ್ತಾರೆ" ಎಂದು ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮಿದ್ದಕ್ಕೆ ರಕ್ತ ಬಂತು. ಆಮೇಲೆ ಆ ಮನೆಯಲ್ಲಿ ಅವಳನ್ನು ನಗಿಸಲು ನಾವಿಬ್ಬರೂ ಹೆದರುತ್ತಿದ್ದೆವು. ಭಾವನನ್ನು ನೋಡಿದರೆ ನಗು ತಡೆಯುವುದು ಸುಲಭವಿರಲಿಲ್ಲ ಬಿಡಿ! ಅವಳೊಬ್ಬಳೇ ಉಟ್ಟರೆ ನಾಚಿಕೊಳ್ಳುತ್ತಾಳೆಂದು ತನಗೂ ಅದೇ ನೀಲಿಯಲ್ಲಿ ಬಟ್ಟೆ ಅದ್ದಿ ಒಂದು ಜೋಲು ಅಂಗಿ ಹೊಲಿಸಿಕೊಂಡಿದ್ದ. ಅದರೊಳಗೆ ಇನ್ನೂ ಇಬ್ಬರು ಹಿಡಿಯುತ್ತಿದ್ದರು.

"ಏನಪ್ಪಾ, ಹಡಗು ಎಷ್ಟೊತ್ತಿಗೆ?" ಎಂದು ಸಂತೆಯಲ್ಲಿ ಕೇಳುವರು.

"ನಿಮ್ಮನೆ ಬಾಗಿಲಿಗೆ ನೀರು ಬರಲಿ, ಬರ್ತದೆ" ಎನ್ನುವನು.

ನೇಯುವ ಮೊದಲು ನೂಲಿಗೆ ಗಂಜಿ ಹಾಕಬೇಕು. ಬೀದಿಯ ಉದ್ದಕ್ಕೂ ಎಳೆಗಳನ್ನು ಹಾಸಿ, ಎರಡು ತುದಿಗೂ ಬಿಗಿದು, ಗಂಜಿ ಬಳಿದು ಕುಂಚದಲ್ಲಿ ತೀಡುವುದು. ಕುಡಿಯುವ ಗಂಜಿಗೆ ಉಪ್ಪು ಹಾಕುವುದನ್ನು ನಾನು ಕಂಡಿದ್ದೆ, ನೂಲಿನ ಗಂಜಿಗೆ ಹಾಕಿದ್ದನ್ನು ಅವತ್ತೇ ಕಂಡದ್ದು. ಒಂದು ಸೇರು ಕಲ್ಲುಪ್ಪು!

"ಏನ್ ಭಾವ ಇದು?"

"ಸಮುದ್ರದ ಗಾಳೀಲಿ ಇರೋದೇ ಉಪ್ಪಂತೆ. ಮುದುಕಪ್ಪ ಹೇಳ್ದ. ಉಟ್ಕೊಂಡ್ರೆ ಅದೇ ಗಾಳಿ ಮೂಗಿಗೆ ಹೋಗ್ತದೆ."

ಉಪ್ಪಿನ ಸುದ್ದಿ ಅಕ್ಕನ ಮೂಗಿಗೆ ಹೋಗುವ ಮೊದಲೇ ಬೀದಿಯ ಆಡುಗಳ ಮೂಗಿಗೆ ಹೋಯಿತು. ಮೊದಲು ಒಂದು ಬಂತು. ನೆಕ್ಕಿ ನೋಡಿತು. ಹೋಗಿ ನೆಂಟರಿಷ್ಟರನ್ನೆಲ್ಲ ಕರೆತಂದಿತು! ನಾನು ಕೋಲು ಹಿಡಿದು ಈ ತುದಿಗೆ ಓಡಿದರೆ ಆ ತುದಿಯಲ್ಲಿ ನಾಲ್ಕು. ಆಡಿನ ಒಡತಿಯ ಜೊತೆ ಜಗಳಕ್ಕೆ ನಿಂತರೆ ಅವಳು, "ನಿಮ್ಮ ಸಮುದ್ರ ನಮ್ಮಾಡಿನ ಹೊಟ್ಟೇಲದೆ. ಹಾಲು ಕರೆದಾಗ ಕೊಡ್ತೀನಿ, ಚೊಂಬು ತಗೊಂಬಾ" ಎಂದಳು.

ಭಾವನ ಮುಖದಲ್ಲಿ ಮಾತ್ರ ಹಬ್ಬ. "ನೋಡಿದ್ಯಾ? ಆಡಿಗೇ ಗೊತ್ತಾಯ್ತು. ಉಪ್ಪು ಹತ್ತಿದೆ!" ಎಂದು, ಆಡು ಜಗಿದು ಹರಿದ ಎಳೆಗಳನ್ನು ಒಂದೊಂದಾಗಿ ಹೊಸೆಯುತ್ತಾ ಕೂತ. ಕತ್ತಲಾಗುವ ತನಕ ಹೊಸೆದ.

ಬೇಸಿಗೆಯ ನೀಲಿ ಸೀರೆ ಅಕ್ಕ ಉಟ್ಟಳು. ಜಗಲಿಯಲ್ಲಿ ಕೂರಿಸಿದೆ. ಗಾಳಿ ಬಂದು ಸೆರಗು ಉಬ್ಬಿತು. ಅವಳು ಕಣ್ಣು ಮುಚ್ಚಿಕೊಂಡು, "ಅಲ್ಲೂ ಹಿಂಗೇ ಇರ್ತದೇನೇ?" ಎಂದು ಕೇಳಿದಳು.

"ನಂಗೇನ್ ಗೊತ್ತು? ನಾನೇನ್ ಕಂಡಿದೀನಾ?" ಎಂದೆ.

ನನ್ನ ಬಾಯಿ ಆಗಲೂ ಹೀಗೇ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಹೂಂ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಬೆವರಿದ ಸೀರೆ ಒಗೆದೆ. ಎರಡು ಸಲಕ್ಕೆ ಉಪ್ಪೆಲ್ಲ ಹೋಯಿತು. ಒಗೆದರೆ ಗಂಜಿಯೇ ನಿಲ್ಲುವುದಿಲ್ಲ, ಉಪ್ಪು ನಿಲ್ಲುತ್ತದೆಯೇ? ಹುಟ್ಟಿದಾಗಿನಿಂದ ಮಗ್ಗದ ಗುಂಡಿಯಲ್ಲಿ ಕಾಲಿಟ್ಟವನಿಗೆ ಅಷ್ಟು ಹೊಳೆಯಬೇಡವೇ! "ಒಗೀಬೇಡ ಕಣೇ" ಎಂದು ನನ್ನ ಹಿಂದೆ ಬಾವಿಯ ತನಕ ಬಂದ. "ಕಾಯಿಲೆಯವಳ ಸೀರೆ ಒಗೀದೆ ಇಡಕ್ಕಾಗ್ತದಾ, ಹೋಗ್ ಭಾವ" ಎಂದು ಗದರಿದೆ.

ಮಳೆಗಾಲದ ಪಾಚಿ ಬಣ್ಣದ್ದು ಇನ್ನೊಂದು ಕಥೆ. ಉಪ್ಪು ತೇವ ಹೀರುತ್ತದೆ. ಮಳೆ ಹೊರಗೆ, ನೀರು ಸೀರೆಯಲ್ಲಿ! ಅಕ್ಕ ಗಡಗಡ ನಡುಗಿದಳು. "ಇದು ಸೀರೆಯಲ್ಲ, ಉಪ್ಪಿನ ಮಡಕೆ" ಎಂದು ಬೈದು, ಬಿಸಿನೀರಲ್ಲಿ ಹಿಂಡಿ ಒಲೆಯ ಮೇಲೆ ಒಣಗಿಸಿದೆ. ಒಣಗಿದ ಮೇಲೆ ಅವಳೇ ಕೇಳಿ ಉಟ್ಟಳು. ಗಂಡನ ಮುಖ ನೋಡಲಾರದೆ ಉಟ್ಟಳೋ, ಅವಳಿಗೇ ಆಸೆಯಿತ್ತೋ, ನಾನು ಕೇಳಲಿಲ್ಲ.

ಭಾವ ಮಾತ್ರ ಎದೆಗುಂದಲಿಲ್ಲ. ಚಳಿಗಾಲದ ಹೊಗೆ ಬಣ್ಣದ್ದನ್ನು ಮಗ್ಗಕ್ಕೆ ಏರಿಸಿದ. ಮೂರರಲ್ಲಿ ಅದೇ ಚೆನ್ನಾಗಿ ಬಂದದ್ದು. ಮಗ್ಗದಿಂದ ಇಳಿಸಿ, ಮಡಿಸಿ, ಅಕ್ಕನ ತಲೆಯ ಹತ್ತಿರ ಇಟ್ಟ. ಅವಳು ಅದರ ಮೇಲೆ ಕೈಯಿಟ್ಟುಕೊಂಡು ಮಲಗುತ್ತಿದ್ದಳು.

ಕಾರ್ತೀಕದಲ್ಲಿ ಅಕ್ಕ ಹೋದಳು.

ಹೆಣಕ್ಕೆ ಹೊದಿಸುವ ಸೀರೆ ತವರಿನದು. ಸಾಸಲಿನಿಂದ ಅಪ್ಪ ಹಸಿರು ಸೀರೆ ತಂದಿದ್ದ. ನಾನು ಹೊಗೆ ಬಣ್ಣದ್ದನ್ನೂ ಎತ್ತಿಕೊಂಡು, "ಇದನ್ನೂ ಹೊದಿಸ್ತೀನಿ ಭಾವ. ಅವಳ್ದೇ ತಾನೇ" ಎಂದೆ. ಅವನು ಕೈಯಿಂದ ಕಿತ್ತುಕೊಂಡ.

"ಅದು ಮಾಗೀದು. ಇನ್ನೂ ಕಾರ್ತೀಕ. ಕಾಲ ಬಂದಿಲ್ಲ."

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಿಗೆ ಹುಚ್ಚೆಂದು ನಾನೂ ನಂಬಿದ್ದು ಅವತ್ತೊಂದೇ ದಿನ.

ತಿಥಿ ಮುಗಿಸಿ ನಾನು ಊರಿಗೆ ಹೊರಟಾಗ ಆ ಸೀರೆಯನ್ನು ನನ್ನ ಗಂಟಿಗೆ ತುರುಕಿದ. "ಚಳಿ ಬಂದಾಗ ಉಟ್ಕೋ. ಒಗೀಬೇಡ" ಎಂದ. ಆಮೇಲೆ ಅವನು ನೀಲಿ ನೂಲನ್ನು ಮುಟ್ಟಲಿಲ್ಲ. ಎಲ್ಲರ ಹಾಗೆ ಕೆಂಪು ಸೀರೆ ನೇಯ್ದ, ಎಲ್ಲರ ಹಾಗೆ ಗಂಜಿ ಹಾಕಿದ. ಊರವರು ಅವನಿಗೆ ಬುದ್ಧಿ ಬಂತು ಎಂದರು. ಅವನೂ ಹೋಗಿ ಕಾಲವಾಯಿತು.

ನಾನು ಅದನ್ನು ಉಡಲಿಲ್ಲ. ನನ್ನದಲ್ಲದ್ದನ್ನು ಹೇಗೆ ಉಡುವುದು? ಸಮುದ್ರವನ್ನೂ ಇವತ್ತಿನವರೆಗೆ ಕಂಡಿಲ್ಲ. ಮೊನ್ನೆ ಮಾಗಿಯಲ್ಲಿ, ಇಬ್ಬನಿ ಬಿದ್ದ ಬೆಳಿಗ್ಗೆ, ಏನನ್ನೋ ಹುಡುಕುತ್ತಾ ಪೆಟ್ಟಿಗೆ ತೆಗೆದರೆ ಬೇರೆ ಬಟ್ಟೆಯೆಲ್ಲ ಒಣಗಿಯೇ ಇತ್ತು, ಅದೊಂದು ತೇವವಾಗಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಬೀದಿಯ ಆಡಿನ ಹಾಗೆ, ಸೆರಗಿನ ತುದಿಗೆ ನಾಲಿಗೆ ತಾಗಿಸಿದೆ.

ಉಪ್ಪಿತ್ತು.

"ಹೂಂ ಕಣಕ್ಕಾ" ಎಂದೆ. "ಅಲ್ಲೂ ಹಿಂಗೇ ಇರ್ತದೆ."